ಮೌಸಿಗೆ ಸನ್ನೆ ಕಲಿಸಿದ್ದು

"ಇನ್ನು ಮೇಲೆ ಈ ಮನೆಯಲ್ಲಿ ಒಂದು ಪುಟ ಮುಚ್ಚೋದಕ್ಕೆ ಯಾರೂ ಪರದೆಯ ಮೂಲೆಗೆ ಅಲೀಬೇಕಾಗಿಲ್ಲ!" ಎಂದು ಭಾನುವಾರ ಬೆಳಿಗ್ಗೆ ನಾನು ಘೋಷಿಸಿದೆ. ಮೌಸಿನ ಬಟನ್ ಒತ್ತಿಕೊಂಡು ಎಡಕ್ಕೆ ಎಳೆದರೆ ಹಿಂದಿನ ಪುಟ, ಬಲಕ್ಕೆ ಎಳೆದರೆ ಮುಂದಿನ ಪುಟ. ಹೀಗೆ ಬರೀ ಸನ್ನೆಯಲ್ಲೇ ಕಂಪ್ಯೂಟರನ್ನು ಕುಣಿಸುವ ತಂತ್ರಾಂಶವೊಂದನ್ನು ನಾನು ಕಂಡುಹಿಡಿದಿದ್ದೆ. ಅಂದರೆ, ಯಾರೋ ಕಂಡುಹಿಡಿದದ್ದನ್ನು ಇಳಿಸಿಕೊಂಡಿದ್ದೆ.

"ಅಲೆದೂ ಅಲೆದೂ ನನ್ನ ಕಾಲೇನೂ ಸವೆದಿಲ್ಲ ರೀ," ಎಂದಳು ಹೆಂಡತಿ. "ಸಂಜೆ ಬೇಕರಿಯಮ್ಮ ಬರ್ತಾರೆ. ಅಷ್ಟರಲ್ಲಿ ಈ ನಕ್ಷೆ ಮುಗೀಬೇಕು."

ಅವಳು ಅಡುಗೆಮನೆಗಳ ನಕ್ಷೆ ಮಾಡುವವಳು. ಕಚೇರಿ ಬಿಟ್ಟು ಸ್ವಂತಕ್ಕೆ ಶುರುಮಾಡಿದ ಮೇಲೆ ಸಿಕ್ಕ ಮೊಟ್ಟಮೊದಲ ಗಿರಾಕಿ ಈ ಬೇಕರಿಯಮ್ಮ. ಮೆಚ್ಚಿದರೆ ಆಕೆಯ ಅಂಗಡಿಗಳದ್ದೆಲ್ಲ ಕೆಲಸ; ಮೆಚ್ಚದಿದ್ದರೆ ಮತ್ತೆ ಅದೇ ಕಚೇರಿ, ಅದೇ ಸಿಡುಕು ಮೋರೆಯ ಮೇಲಧಿಕಾರಿ!

"ಐದೇ ನಿಮಿಷ!" ಎಂದು ಅವಳನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕುಳಿತೆ. ಸನ್ನೆಗೆ ಯಾವ ಬಟನ್ ಎಂದು ತಂತ್ರಾಂಶ ಕೇಳಿತು. ಎಡಗಡೆಯದು ಮನೆಯ ಹಿರಿಮಗನಂತೆ, ಎಲ್ಲ ಕೆಲಸವೂ ಅದರ ತಲೆಯ ಮೇಲೆ. ನಡುವಿನ ಚಕ್ರ ಮುಟ್ಟಿದರೆ ಉರುಳುತ್ತದೆ. ಬಲಗಡೆಯದೇ ಸರಿ ಎಂದುಕೊಂಡೆ.

"ಬಲಗಡೆ ಬಟನ್ ನಂಗೆ ಬೇಕು!"

"ಪಾಲು ಮಾಡ್ಕೊಳ್ಳೋಣ ಕಣೇ. ಒತ್ತಿ ಬಿಟ್ರೆ ನಿಂದು, ಒತ್ತಿ ಎಳೆದ್ರೆ ನಂದು!"

ಒತ್ತಿಕೊಂಡು ಒಂದು ಸುತ್ತು ಸುತ್ತಿದರೆ ತೆರೆದದ್ದೆಲ್ಲ ಮುಚ್ಚಬೇಕು ಎಂದೂ ನಿಗದಿ ಮಾಡಿದೆ. "ಮುಚ್ಚುವ ಮುನ್ನ ಕೇಳಬೇಕೆ?" ಎಂದಿತು ತಂತ್ರಾಂಶ. ಪದವೀಧರನಿಗೆ ಮರುಪ್ರಶ್ನೆಯೇ? "ಬೇಡ" ಎಂದು ಒತ್ತಿದೆ.

ಇಲ್ಲಿ ನನ್ನದೊಂದು ಅಭ್ಯಾಸ ಹೇಳಬೇಕು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹಳ್ಳಿಯಲ್ಲಿ ನಾನು ಓದಲು ಕೂರುವ ಹಲಗೆಯನ್ನು ಅಮ್ಮ ದಿನಾ ಸೆರಗಿನಲ್ಲಿ ಒರೆಸುತ್ತಿದ್ದಳು. "ಓದೋ ಜಾಗದಲ್ಲಿ ಧೂಳಿರಬಾರ್ದು ಮಗಾ," ಎನ್ನುತ್ತಿದ್ದಳು. ಅಂದಿನಿಂದ ಮೇಜು ಕಂಡರೆ ಸಾಕು, ನನ್ನ ಕೈ ಬಟ್ಟೆ ಹುಡುಕುತ್ತದೆ!

ಸಂಜೆ ನಕ್ಷೆಗೆ ಕೊನೆಯ ಬಾಗಿಲು ಇಟ್ಟು ಹೆಂಡತಿ ಮುಖ ತೊಳೆಯಲು ಹೋದಳು. ಬರುವವರ ಮುಂದೆ ಮೇಜು ಕೊಳಕಾಗಿದ್ದರೆ ಹೇಗೆ? ಮೇಜು ಒರೆಸಿದೆ. ಕೀಲಿಮಣೆ ಒರೆಸಿದೆ. ಮೌಸಿನ ಬಲಗಡೆ ಬೆರಳಿನ ಜಿಡ್ಡು! ಅದರ ಮೇಲೆ ಬಟ್ಟೆ ಹಾಕಿ, ಬಲವಾಗಿ ಒತ್ತಿ, ಗರಗರನೆ ಒಂದು ಸುತ್ತು ತಿರುಗಿಸಿದೆ.

ತಲೆಯೆತ್ತಿದರೆ ಪರದೆ ಖಾಲಿ! ಮೇಜಿಗಿಂತ ಶುಭ್ರ!

"ನಕ್ಷೆ ಎಲ್ಲಿ ರೀ?" ಹೆಂಡತಿ ಬಾಗಿಲಲ್ಲೇ ನಿಂತಳು.

"ಕರೆಂಟ್ ಹೋಗಿರ್ಬೇಕು..."

"ಫ್ಯಾನ್ ತಿರುಗ್ತಾ ಇದೆ."

"ಹಾಗಾದ್ರೆ ವೈರಸ್ಸು."

"ಗೊತ್ತಾಗ್ತಿದೆ. ವೈರಸ್ಸು ಕೈಲಿ ಒರೆಸೋ ಬಟ್ಟೆ ಹಿಡ್ಕೊಂಡು ನಿಂತಿದೆ!"

ಅಷ್ಟರಲ್ಲಿ ಕರೆಗಂಟೆ. ನಾನು ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವಳು ಮಾತ್ರ ಕುಳಿತು ಏನೋ ಒತ್ತಿದಳು. ನಕ್ಷೆ ಮರಳಿ ಬಂತು! "ನೀವು ಪಾಲು ಅಂದಾಗಲೇ ಅನುಮಾನ ಬಂತು. ಒಂದೊಂದು ಗೋಡೆ ಎಳೆದಾಗ್ಲೂ ನಕ್ಷೆ ಉಳಿಸ್ತಾ ಬಂದೆ," ಎಂದಳು. ಮದುವೆಯ ದಿನವೂ ನಾನು ಅವಳನ್ನು ಅಷ್ಟು ಭಕ್ತಿಯಿಂದ ನೋಡಿರಲಿಲ್ಲ.

ಬೇಕರಿಯಮ್ಮ ಕನ್ನಡಕ ಏರಿಸಿ ನೋಡಿದರು. "ಒಲೆಗೂ ಅಂಗಡಿಗೂ ನಡುವೆ ಬಾಗಿಲೇ ಇಲ್ವಲ್ಲಮ್ಮ?"

ಉಳಿಸದೇ ಇದ್ದದ್ದು ಆ ಕೊನೆಯ ಬಾಗಿಲೊಂದೇ!

"ಇತ್ತು. ಈಗಷ್ಟೇ ನಮ್ಮವರು ಒರೆಸಿಬಿಟ್ರು," ಎಂದಳು ಹೆಂಡತಿ.

ಬೇಕರಿಯಮ್ಮ ಬಿದ್ದು ಬಿದ್ದು ನಕ್ಕರು. "ಒಳ್ಳೇದೇ ಆಯ್ತು ಬಿಡಿ! ಎರಡು ಕೈಲೂ ಬಿಸಿ ತಟ್ಟೆ ಹಿಡ್ಕೊಂಡು ಬರುವಾಗ ಬಾಗಿಲು ತೆಗೆಯೋರು ಯಾರು? ಅಲ್ಲಿ ತೆರೆದ ಜಾಗ ಸಾಕು. ಕೆಲಸ ನಿಮ್ದೇ!"

ಅವರು ಹೋದ ಮೇಲೆ ಹೆಂಡತಿ "ಮುಚ್ಚುವ ಮುನ್ನ ಕೇಳಬೇಕೆ?" ಎಂಬಲ್ಲಿ "ಹೌದು" ಒತ್ತಿದಳು. ಬೈಯಲಿಲ್ಲ. ಬಟ್ಟೆಯನ್ನೂ ಕಸಿದುಕೊಳ್ಳಲಿಲ್ಲ, ಒಗೆದು ಒಣಹಾಕಿದಳು. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ ಎಂದು ಮನಸ್ಸು ತುಂಬಿ ಬಂತು. ಆದರೆ ನಾಲಿಗೆ ಸುಮ್ಮನಿರಬೇಕಲ್ಲ!

"ನೋಡಿದ್ಯಾ? ಆ ಬಾಗಿಲು ಬೇಡ ಅಂತ ನಂಗೆ ಮೊದಲೇ ಅನ್ನಿಸಿ..."

ಹೆಂಡತಿ ನನ್ನ ಕಡೆ ತಿರುಗಿ, ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಸುತ್ತಿದಳು.

ಮರುಪ್ರಶ್ನೆಯಿಲ್ಲದೆ ನನ್ನ ಬಾಯಿ ಮುಚ್ಚಿತು!