ನೂರಿಯ ನಡಿಗೆ

ದನದ ಡಾಕ್ಟರೆಂದರೆ ನಾಲ್ಕು ಕಾಲಿರುವುದೆಲ್ಲ ಅವನಿಗೆ ತಿಳಿದಿರಬೇಕೆಂದು ಜನ ನಂಬುತ್ತಾರೆ. ಮಧುಗಿರಿಯಲ್ಲಿ ಒಬ್ಬರು ನನಗೆ ಅಲುಗಾಡುವ ಮಂಚವನ್ನೂ ತೋರಿಸಿದ್ದುಂಟು. ನನಗೆ ಗೊತ್ತಿದ್ದದ್ದು ಎತ್ತು, ಎಮ್ಮೆ, ಒಂದಿಷ್ಟು ಕುರಿ. ಕುದುರೆಯ ಬಗ್ಗೆ ಓದಿದ್ದೆ. ಓದಿದ್ದೆ ಎಂದರೆ, ಆ ಪಾಠ ನಡೆದಾಗ ತರಗತಿಯಲ್ಲಿ ಕೂತಿದ್ದೆ. ಆದರೂ ಸಿರಾದಿಂದ ಮಧುಗಿರಿಯ ಮೇಲೆ ಹಾದು ಕೊರಟಗೆರೆಗೆ ಕುದುರೆ ಸವಾರಿಯ ಪಂದ್ಯ ಏರ್ಪಟ್ಟಾಗ, ನಡುದಾರಿಯಲ್ಲಿ ಕುದುರೆಗಳನ್ನು ತಡೆದು, ಅರ್ಧ ಗಂಟೆ ದಣಿವಾರಿಸಿ, ಮುಂದೆ ಹೋಗಬಲ್ಲವೋ ಇಲ್ಲವೋ ಹೇಳಲು ನನ್ನನ್ನೇ ಕೂರಿಸಿದರು. ಅದಕ್ಕಾಗಿ ನಾನು ಹೊಸ ಕೋಟು ಹೊಲಿಸಿದೆ.

ಬೆಟ್ಟದ ಕೆಳಗಿನ ಹುಣಸೆಮರದಡಿ ನನ್ನ ಕುರ್ಚಿ. ಕೊನೆಗೆ ಬಂದದ್ದು ಸಿರಾದ ಜಟಕಾ ಗಾಡಿಯ ಬುಡೇನ್ ಸಾಹೇಬರು, ತಮ್ಮ ಕುದುರೆ ನೂರಿಯ ಬೆನ್ನ ಮೇಲೆ. ನೂರಿಯ ಬಣ್ಣ ಕಂದು. ಈ ಸಂಗತಿ ಹೇಳಿದಾಗಲೆಲ್ಲ ಅದಕ್ಕೊಂದು ಹೊಸ ಬಣ್ಣ ಬಂದಿದೆ. ಇವತ್ತಿಗೆ ಕಂದು ಎಂದಿಟ್ಟುಕೊಳ್ಳಿ.

"ಸಾಬ್ರೇ, ಗಾಡಿ ಎಲ್ಲಿ ಬುಟ್ಬಂದ್ರಿ?" ಎಂದು ಗುಂಪಿನಲ್ಲೊಬ್ಬ ಕೂಗಿದ.

"ನಿನ್ ಹೆಣ ಹೊರಾಕೆ ಇಟ್ಟೀವ್ನಿ ಕಣ್ಲಾ" ಎಂದರು ಬುಡೇನ್. ಎಲ್ಲರೂ ನಕ್ಕರು. ಆಮೇಲೆ ನನ್ನ ಬಳಿ ದನಿ ತಗ್ಗಿಸಿ, "ಮೋಟ್ರು ಬಸ್ಸು ಬಂದ್ಮ್ಯಾಕೆ ನಮ್ ಗಾಡಿಗೆ ಯಾರೂ ಹತ್ತಾಕಿಲ್ಲ ಡಾಕ್ಟ್ರೇ. ಇವ್ಳು ಗೆದ್ಬುಟ್ರೆ ಜನ ಮತ್ತೆ ಬತ್ತಾರೆ" ಎಂದರು.

ದವಡೆಯ ಕೆಳಗೆ ಬೆರಳಿಟ್ಟು, ಗಡಿಯಾರ ಹಿಡಿದು ನಾಡಿ ಎಣಿಸಿದೆ. ಹೆಚ್ಚಿತ್ತು. ಮತ್ತೆ ಎಣಿಸಿದೆ, ಸ್ವಲ್ಪ ಕಡಿಮೆ ಬಂತು. ಕಡಿಮೆ ಬಂದದ್ದನ್ನೇ ಒಪ್ಪಿಕೊಂಡೆ. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು, ಮೈಯಲ್ಲಿ ನೀರು ಬತ್ತಿದ ಗುರುತು. ನಡೆಸಿ ನೋಡಿದರೆ ಮುಂದಿನ ಎಡಗಾಲನ್ನು ನೆಲಕ್ಕೆ ಊರಲು ಹಿಂಜರಿಯುತ್ತಿತ್ತು. ಬುಡೇನ್ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು. ಆಗ ನಾನೇ, ಹಿಂದಿನ ಸಾಲಿಗೂ ಕೇಳುವಂತೆ, "ಇದು ಜಟಕಾ ಕುದುರೆ. ಗಾಡಿಯ ಎರಡು ಮೂಕಿಮರಗಳ ನಡುವೆ ನಡೆದು ರೂಢಿ. ಗಾಡಿ ಇಲ್ಲದಿದ್ದರೆ ಹೀಗೇ ವಾಲುತ್ತದೆ" ಎಂದೆ. ಜನ ತಲೆದೂಗಿದರು. ಹೊಸ ಕೋಟಿಗೆ ತಕ್ಕ ಮಾತು ಅನಿಸಿತು.

"ಹೋಗಿ ಬನ್ನಿ ಸಾಹೇಬರೇ."

ಮೂರು ಮೈಲಿ ದಾಟಿ ನೂರಿ ಮಲಗಿಬಿಟ್ಟಿತು. ಸುದ್ದಿ ಕೇಳಿ ನಾನು ಸೈಕಲ್ ತುಳಿದು ತಲುಪುವಾಗ ಬುಡೇನ್ ರುಮಾಲು ಬಿಚ್ಚಿ, ನೀರಲ್ಲಿ ನೆನೆಸಿ ಅದರ ಹಣೆಗೆ ಒತ್ತುತ್ತಿದ್ದರು. "ಎದ್ದೇಳು ಬೇಟಿ, ಮನೇಗ್ ಹೋಗಾನ." ನನ್ನ ಚೀಲದಲ್ಲಿ ಎತ್ತಿನ ಔಷಧಿಗಳಿದ್ದವು. ತೆಗೆದೆ, ಮತ್ತೆ ಒಳಗಿಟ್ಟೆ. ಸ್ವಲ್ಪ ಹೊತ್ತಿಗೆ ಅದರ ಹೊಟ್ಟೆ ಏರಿಳಿಯುವುದು ನಿಂತಿತು.

"ಇದ್ನ ಪಾಸ್ ಮಾಡ್ದೋನ್ ಯಾವನ್ಲಾ?" ಎಂದು ಹಿಂದಿನಿಂದ ಯಾರೋ ಗದರಿದರು.

ಬುಡೇನ್ ಎದ್ದು ನಿಂತರು. "ಅವ್ರನ್ನ ಏನೂ ಅನ್ಬ್ಯಾಡಿ. ಗಾಡಿ ಇಲ್ದಿದ್ರೆ ಇವ್ಳು ಇಂಗೇ ನಡೀತಾಳೆ ಅಂತ ನಾನೇ ಸುಳ್ಳೇಳ್ದೆ."

ಎಲ್ಲರೂ ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರೇ ಹೇಳಿದ್ದರೆಂದು ನೆನಪಿಟ್ಟುಕೊಳ್ಳಲು ಆಮೇಲೆ ಎಷ್ಟೋ ವರ್ಷ ಪ್ರಯತ್ನಪಟ್ಟಿದ್ದೇನೆ. ಕೆಲವು ದಿನ ಅವರ ದನಿಯಲ್ಲೇ ಆ ಮಾತು ಕೇಳಿಸುವುದೂ ಉಂಟು.

ಮರುವರ್ಷ ಪಂದ್ಯಕ್ಕೆ ಮತ್ತೆ ಕರೆ ಬಂತು. ಸೊಂಟನೋವು, ನಡೆಯಲಾರೆ ಎಂದು ಬರೆದು ಕಳಿಸಿದೆ. ನಡೆಸಿ ನೋಡಲು ಯಾರೂ ಬರಲಿಲ್ಲ. ಡಾಕ್ಟರೇ ಹೇಳಿದ ಮೇಲೆ ಮುಗಿಯಿತು, ನಂಬಿದರು.