ಬ್ರೋಕರ್ ಬೇಡವೆಂದ ಮೇಷ್ಟ್ರು

"ಬ್ರೋಕರ್ ಅನ್ನೋ ಪ್ರಾಣಿ ನಮ್ಮ ಮನೆ ಹೊಸ್ತಿಲು ತುಳಿಯಬಾರದು!" ಎಂದು ವಿಜ್ಞಾನದ ಮೇಷ್ಟ್ರು ಊಟದ ತಟ್ಟೆಯ ಮುಂದೆ ಕೂತು ಭೀಷ್ಮ ಪ್ರತಿಜ್ಞೆ ಮಾಡಿದರು.

"ಮೊದಲು ಹೊಸ್ತಿಲು ಅಂತ ಒಂದು ಆಗ್ಲಿ ರೀ," ಎಂದಳು ಹೆಂಡತಿ. "ಈ ಬಾಡಿಗೆ ಮನೆ ಬಿಡೋಕೆ ಮೂರೇ ತಿಂಗಳಿರೋದು. ನನಗೇನು ಅರಮನೆ ಬೇಡ. ಅಡುಗೆಮನೆಗೆ ಒಂದು ಕಿಟಕಿ ಇದ್ರೆ ಸಾಕು. ಹದಿನೆಂಟು ವರ್ಷದಿಂದ ಗೋಡೆ ನೋಡ್ಕೊಂಡು ಅಡುಗೆ ಮಾಡ್ತಿದ್ದೀನಿ."

"ಕಿಟಕಿ ತಾನೇ? ಅದನ್ನ ಹುಡುಕೋಕೆ ಬ್ರೋಕರ್ ಕಣ್ಣು ಬೇಕಾ? ನನ್ನ ಕಣ್ಣೇನು ಗೊಂಬೆ ಕಣ್ಣಾ?"

ಹುಡುಕಿಯೂ ಬಿಟ್ಟರು! ಎರಡು ತಿಂಗಳು ಸೈಕಲ್ ತುಳಿದು, ಎರಡು ಜೊತೆ ಚಪ್ಪಲಿ ಸವೆಸಿ, ಕೊನೆಗೆ ಮಾರಾಟಕ್ಕಿದ್ದ ಒಂದು ಮನೆ ಹಿಡಿದರು. ಅಡುಗೆಮನೆಗೆ ಒಂದಲ್ಲ, ಎರಡು ಕಿಟಕಿ! ಹೆಂಡತಿ ಒಂದರ ಮುಂದೆ ನಿಂತವಳು ಹತ್ತು ನಿಮಿಷ ಅಲ್ಲಾಡಲಿಲ್ಲ. "ಇದೇ ರೀ," ಎಂದು ಕಿಟಕಿಯ ಕಂಬಿ ಹಿಡಿದುಕೊಂಡಳು.

ಬ್ರೋಕರ್ ಇದ್ದಿದ್ದರೆ ಅವತ್ತೇ ಮುಂಗಡ ಕೊಡಿಸಿ ಮಾತು ಮುಗಿಸುತ್ತಿದ್ದ. ಆದರೆ ನಮ್ಮ ಮೇಷ್ಟ್ರು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯೇ? "ಪರೀಕ್ಷೆ ಮಾಡದೆ ಪಾಸ್ ಮಾಡೋ ಅಭ್ಯಾಸ ನನಗಿಲ್ಲ!" ಎಂದರು. ಗೋಲಿ ಉರುಳಿಸಿ ನೆಲದ ಇಳಿಜಾರು ನೋಡಿದರು. ತಾರಸಿಯ ಮೇಲೆ ಇಪ್ಪತ್ತು ಕೊಡ ನೀರು ಸುರಿದು, ಕೆಳಗೆ ಓಡಿ ಬಂದು, ಸೂರು ನೋಡುತ್ತ ಅಂಗಾತ ಮಲಗಿದರು. ಯಾವ ಕೋಣೆಗೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆದರು. ಮನೆಯ ಒಡತಿ ಪಕ್ಕದಲ್ಲೇ ಇದ್ದ ಮುದುಕಮ್ಮ, ಮಂಡಿನೋವು ಬೇರೆ. ದಿನಾ ಬಂದು ಬೀಗ ತೆಗೆದು ಸಾಕಾಗಿ, ಕೀಲಿಕೈಯನ್ನೇ ಮೇಷ್ಟ್ರ ಕೈಗೆ ಕೊಟ್ಟುಬಿಟ್ಟರು.

"ಇವತ್ತಾದ್ರೂ ಮುಂಗಡ ಕೊಡ್ತೀರಾ?" ಎಂದು ಹೆಂಡತಿ ದಿನಾ ಕೇಳುವಳು.

"ನಾಳೆ ಕಣೇ. ಚರಂಡಿ ಒಂದು ಬಾಕಿ ಇದೆ."

ಹದಿಮೂರನೆಯ ದಿನ ಮೇಷ್ಟ್ರು ಚರಂಡಿಯೊಳಗೆ ಬಗ್ಗಿದ್ದಾಗ ಗೇಟಿನಲ್ಲಿ ಗಂಡ ಹೆಂಡತಿ ಇಬ್ಬರು ಬಂದು ನಿಂತರು. ಮುದುಕಮ್ಮ ತಮ್ಮ ಮನೆಯಿಂದಲೇ ಕೂಗಿದರು: "ಮೇಷ್ಟ್ರೇ, ಹೇಗೂ ಅಲ್ಲೇ ಇದ್ದೀರಿ. ಇವರಿಗೂ ಸ್ವಲ್ಪ ತೋರಿಸಿಬಿಡಿ. ಯಾರು ಮೊದಲು ಮುಂಗಡ ಕೊಡ್ತಾರೋ ಮನೆ ಅವರಿಗೇ!"

ಮೇಷ್ಟ್ರು ಚರಂಡಿಯಿಂದ ಮೇಲೆದ್ದು ಬಂದರು. ಇವರನ್ನು ಹೇಗಾದರೂ ಸಾಗಹಾಕಬೇಕು! ಮುಖ ಸಿಂಡರಿಸಿಕೊಂಡು, "ಮನೆ ಅಷ್ಟಕ್ಕಷ್ಟೇ. ನಿಮಗೆ ಸರಿಹೋಗಲ್ಲ ಬಿಡಿ," ಎಂದರು.

ಬಂದಾತ ತಕ್ಷಣ ಒಪ್ಪಿಕೊಂಡ. "ಹೌದು ಕಣೇ, ತಾರಸಿ ಸೋರೋ ಹಾಗೆ ಕಾಣುತ್ತೆ. ನಡಿ ಹೋಗೋಣ."

ಆಗ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮನೆ ಮೇಷ್ಟ್ರದ್ದೇ. ಆದರೆ ಕಣ್ಣೆದುರಿಗೆ ಒಬ್ಬ ತಪ್ಪು ಉತ್ತರ ಹೇಳಿದರೆ ಸುಮ್ಮನಿರುವುದು ಹೇಗೆ? ಮೂವತ್ತು ವರ್ಷದ ಚಾಳಿ!

"ತಪ್ಪು!" ಎಂದು ಗುಡುಗಿದರು. "ಯಾವ ಆಧಾರದ ಮೇಲೆ ಹೇಳ್ತೀರಿ? ಇಪ್ಪತ್ತು ಕೊಡ ನೀರು ಸುರಿದಿದ್ದೀನಿ. ಒಂದು ಹನಿ ಸೋರಿದ್ರೆ ಕೇಳಿ!"

"ಆದ್ರೂ ಒಳಗೆಲ್ಲ ಕತ್ತಲೆ..." ಎಂದಳು ಆಕೆ.

"ಅದೂ ತಪ್ಪು! ಬನ್ನಿ ಇಲ್ಲಿ!"

ಮುಂದೆ ಒಂದು ಗಂಟೆ ಪಾಠ ನಡೆಯಿತು. ನೋಟ್‌ಬುಕ್ ಹೊರಬಂತು, ಗೋಲಿ ಉರುಳಿತು. ಅಡುಗೆಮನೆಯ ಎರಡು ಕಿಟಕಿಗಳ ನಡುವೆ ಗಾಳಿ ಹೇಗೆ ಆಡುತ್ತದೆಂದು ಮೇಷ್ಟ್ರು ಗೋಡೆಯ ಮೇಲೆ ಚಿತ್ರ ಬರೆದೇ ತೋರಿಸಿದರು. "ಅರ್ಥ ಆಯ್ತಾ? ಇನ್ನೇನಾದ್ರೂ ಸಂದೇಹ?"

"ಒಂದೂ ಇಲ್ಲ ಸಾರ್! ಇಷ್ಟು ಚೆನ್ನಾಗಿ ಯಾವ ಬ್ರೋಕರೂ ತೋರಿಸಿರ್ಲಿಲ್ಲ," ಎಂದ ಆತ, ನೆಟ್ಟಗೆ ಮುದುಕಮ್ಮನ ಮನೆಗೆ ಹೋಗಿ ಮುಂಗಡ ಎಣಿಸಿಬಿಟ್ಟ! ಪಾಠ ಚೆನ್ನಾಗಿ ಆಯಿತೆಂಬ ಖುಷಿಯಲ್ಲಿ ನಿಂತಿದ್ದ ಮೇಷ್ಟ್ರ ಕೈಗೆ ಮುದುಕಮ್ಮ ಒಂದು ಕವರ್ ತಂದಿಟ್ಟರು. "ತಗೊಳ್ಳಿ ಮೇಷ್ಟ್ರೇ, ನಿಮ್ಮ ಕಮಿಷನ್."

ಮನೆಗೆ ಬಂದು ಎಲ್ಲ ಒದರಿದಾಗ ಹೆಂಡತಿ ಬೈಯಲಿಲ್ಲ. "ಕಿಟಕಿ ಹೋಯ್ತಾ?" ಎಂದಷ್ಟೇ ಕೇಳಿದಳು. ಆ ಎರಡು ಮಾತು ಕೇಳುವುದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಅವಳು ಕಣ್ಣೊರೆಸಿಕೊಂಡು ಎದ್ದಳು. ಅದೇ ಕವರ್ ಹಿಡಿದು ಬೀದಿ ಕೊನೆಯ ಬ್ರೋಕರ್ ಬಳಿಗೆ ಹೋದಳು. ಮೂರೇ ದಿನದಲ್ಲಿ ಆತ ಮನೆ ತೋರಿಸಿದ. ಅಡುಗೆಮನೆಗೆ ಒಂದು ಕಿಟಕಿಯೂ ಇತ್ತು. ಆದರೆ ನಡೆದದ್ದನ್ನೆಲ್ಲ ಅವಳಿಂದ ಕೇಳಿದ್ದ ಆತ ಒಂದು ಷರತ್ತು ಹಾಕಿದ: "ಮಾತುಕತೆ ಮುಗಿಯೋವರೆಗೂ ಸಾರ್ ಗೇಟಿನ ಹೊರಗೇ ಇರ್ಬೇಕು."

ಮೇಷ್ಟ್ರು ತಲೆ ತಗ್ಗಿಸಿ ಗೇಟಿನ ಹೊರಗೆ ನಿಂತರು. ಅಷ್ಟರಲ್ಲಿ ದಾರಿಹೋಕನೊಬ್ಬ ನಿಂತು ಮನೆಯನ್ನು ದಿಟ್ಟಿಸಿದ. "ಮಾರಾಟಕ್ಕಿದೆಯಂತಲ್ಲ ಸಾರ್? ತಗೊಳ್ಳೋಣ ಅಂತಿದ್ದೆ. ಆದ್ರೆ ಪಾಯ ಟೊಳ್ಳು ಅನ್ಸುತ್ತೆ, ಅಲ್ವಾ?"

ಪಾಯ ಬಂಡೆಯಂತಿತ್ತು! ಮೇಷ್ಟ್ರು ಬಂದ ತಕ್ಷಣ ಕಳ್ಳಗಣ್ಣಿನಲ್ಲಿ ನೋಡಿಯಾಗಿತ್ತು. ನಾಲಿಗೆ ತುರಿಸಿತು, ಬೆರಳು ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. ಅವಳು ಹೊರಗೆ ನೋಡುತ್ತ ಸುಮ್ಮನೆ ನಗುತ್ತಿದ್ದಳು.

ಮೇಷ್ಟ್ರು ಹಲ್ಲು ಕಚ್ಚಿದರು. ಹಣೆಯ ಬೆವರು ಒರೆಸಿಕೊಂಡರು.

"ಭೇಷ್! ಸರಿಯಾದ ಉತ್ತರ!" ಎಂದರು. "ಕೂತ್ಕೋ... ಅಲ್ಲಲ್ಲ, ನೀವಿನ್ನು ಹೊರಡಿ!"