ಡ್ಯಾಶ್‌ಬೋರ್ಡು ನುಂಗಿದ ಗರಾಜು

ಗರಾಜು ಇರೋ ಮನೆಯಲ್ಲಿ ಗಂಡ ಸುಮ್ಮನೆ ಕೂತಿದ್ದಾನೆ ಅಂದರೆ ಏನೋ ಕಾದಿದೆ ಅಂತಲೇ ಅರ್ಥ. ಹಿಲ್ಸ್‌ಬರೋದ ನಮ್ಮನೆಗೆ ಒಂದು ದಿನ ಪೆಟ್ಟಿಗೆ ಪೆಟ್ಟಿಗೆ ಬಿಡಿಭಾಗ ಬಂದಿಳಿದವು. "ಕಿಟ್ ಕಾರು ಕಣೇ, ನಾನೇ ಜೋಡಿಸ್ತೀನಿ" ಅಂದರು ನಮ್ಮನೆಯವರು. ಗರಾಜು ಅದಕ್ಕೇ ಆಯ್ತು, ನನ್ನ ಕಾರು ಮನೆ ಮುಂದಿನ ಬಯಲು ಡ್ರೈವ್‌ವೇ ಪಾಲಾಯ್ತು. ಎರಡು ಚಳಿಗಾಲ ಅದರ ಗಾಜಿನ ಮೇಲಿನ ಐಸ್ ಕೆರೆದು ಕೆರೆದು ನನ್ನ ಭುಜ ಬಿದ್ದುಹೋಯ್ತು. ಸರ್ಕಾರದ ಇನ್‌ಸ್ಪೆಕ್ಷನ್ ಪಾಸಾದ ದಿನ ಅವರ ಕಾರು ಹೊರಗೆ, ನನ್ನದು ಒಳಗೆ ಅಂತ ಒಪ್ಪಂದ. ಕೊನೆಗೆ ಉಳಿದಿದ್ದು ಡ್ಯಾಶ್‌ಬೋರ್ಡು ಕೂರಿಸೋದೊಂದೇ.

ರಸಮಟ್ಟ

ಡ್ಯಾಶ್‌ಬೋರ್ಡಿನ ಮೇಲೆ ಮಟ್ಟ ನೋಡೋಕೆ ರಸಮಟ್ಟ ಇಟ್ಟರು. ಅದರೊಳಗಿನ ಗಾಳಿಗುಳ್ಳೆ ಎಡಕ್ಕೆ ಓಡಿತು. ಬಲಗಡೆ ವಾಷರ್ ಕೊಟ್ಟು ಎತ್ತಿದರು, ಗುಳ್ಳೆ ನಡುವಿಗೆ ಬಂತು. ಖುಷಿಯಲ್ಲಿ ಕಾರನ್ನ ಹೊರಗೆ ತಳ್ಳಿ ನೋಡಿದರೆ ಗುಳ್ಳೆ ಬಲಕ್ಕೆ!

"ರೀ, ಡ್ಯಾಶ್‌ಬೋರ್ಡು ಮೊದಲು ನೆಟ್ಟಗೇ ಇತ್ತು. ಗರಾಜಿನ ನೆಲ ಓರೆ."

ಗಲ್ಲ ಕೆರೆದುಕೊಂಡು ಯೋಚಿಸಿದರು. "ಹಾಗಾದ್ರೆ ಮೊದಲು ನೆಲ ಒಡೆಸಬೇಕು."

ತಜ್ಞರ ಸಮಿತಿ

ನೆಲ ಒಡೆಸೋ ಮುಂಚೆ ಸಲಹೆ ಕೇಳೋಣ ಅಂತ ಕರೆದಿದ್ದಕ್ಕೆ ಶನಿವಾರ ಸ್ನೇಹಿತರು ಬಂದರು. ಎಲ್ಲರೂ ಸಾಫ್ಟ್‌ವೇರು, ಸ್ಕ್ರೂಡ್ರೈವರ್ ಹಿಡಿದವರು ಒಬ್ಬರೂ ಇಲ್ಲ. ಬಾಸ್ಕಿಂಗ್ ರಿಡ್ಜ್‌ನ ಮ್ಯಾನೇಜರು ಒಂದು ಕಣ್ಣು ಮುಚ್ಚಿ "ಎಡಕ್ಕೆ ಇಳಿದಿದೆ" ಅಂದರು. ಜರ್ಸಿ ಸಿಟಿಯವರು ಇನ್ನೊಂದು ಕಣ್ಣು ಮುಚ್ಚಿ "ಇಲ್ಲ, ಬಲಕ್ಕೆ" ಅಂದರು. ಸಂಜೆವರೆಗೂ ಚರ್ಚೆ ಆಯ್ತು. ಡ್ಯಾಶ್‌ಬೋರ್ಡು ಇದ್ದಲ್ಲೇ ಇತ್ತು, ನನ್ನ ಚಿತ್ರಾನ್ನದ ಪಾತ್ರೆ ಮಾತ್ರ ತಳ ಕಂಡಿತು.

ಪ್ರತಿಷ್ಠಾಪನೆ

ಸ್ಪೀಡೋಮೀಟರಿಗೆ ತೂತು ಕೊರೆಯೋಕೆ ಅಂತ ಇವರು, ಈ ದೇಶದ ರೂಢಿಯಂತೆ ಎಡಗಡೆ ಇರೋ ಸ್ಟೀರಿಂಗ್ ಎದುರು ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಹಾಕಿ ಆಫೀಸಿಗೆ ಹೋಗಿದ್ದರು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಅದನ್ನ ನೋಡಿ ಕರಗಿಹೋದರು. "ನೋಡೇ, ದೇವರಿಗೆ ಅಂತ ನನ್ನ ಮಗ ಎಷ್ಟು ಅಚ್ಚುಕಟ್ಟಾಗಿ ಜಾಗ ಗುರುತು ಮಾಡಿದಾನೆ!"

ಗೆರೆಯ ನಟ್ಟನಡುವೆ ಪುಟ್ಟ ಗಣಪತಿ ಕೂತ. ಅಂಟು ಇವರ ಡಬ್ಬಿಯದೇ, ಕಬ್ಬಿಣಕ್ಕೆ ಹಾಕೋದು. ಸಂಜೆ ಇವರು ಬಂದು ಎಳೆದರೆ ಒಂದಿಷ್ಟೂ ಅಲ್ಲಾಡಲಿಲ್ಲ.

"ಕೂತ ದೇವರನ್ನ ಎಬ್ಬಿಸ್ತಾರೇನೋ!" ಅಂತ ಅತ್ತೆ ಗದರಿದರು. ಅಲ್ಲಿಗೆ ಸ್ಪೀಡೋಮೀಟರು ಬಲಗಡೆಗೆ, ನನ್ನ ಸೀಟಿನ ಮುಂದಕ್ಕೆ ವರ್ಗವಾಯ್ತು.

"ಪರವಾಗಿಲ್ಲ ಬಿಡು," ಅಂದರು ಇವರು. "ಹೇಗೂ ಸ್ಪೀಡು ಹೇಳೋಳು ನೀನೇ ತಾನೆ?"

ಇನ್‌ಸ್ಪೆಕ್ಷನ್ ದಿನ

ತಪಾಸಣೆಗೆ ಹೊರಟೆವು. ನಾನು ಪಕ್ಕದಲ್ಲಿ ಕೂತು "ನಲವತ್ತು... ಐವತ್ತು... ರೀ, ನಿಧಾನ!" ಅಂತಿದ್ದೆ. ನಲವತ್ತು ಮೈಲಿ ಮಿತಿಯ ರಸ್ತೆಯಲ್ಲಿ ಐವತ್ತೆಂಟು ಅನ್ನೋ ಹೊತ್ತಿಗೆ ಹಿಂದೆ ಕೆಂಪು-ನೀಲಿ ದೀಪ.

"ಎಷ್ಟು ಸ್ಪೀಡಲ್ಲಿದ್ರಿ, ಗೊತ್ತಾ?" ಅಂತ ಕೇಳಿದ ಪೊಲೀಸಪ್ಪ.

"ಅದು ಅವರ ಇಲಾಖೆ," ಅಂತ ಇವರು ನನ್ನ ಕಡೆ ಕೈ ತೋರಿಸಿದರು.

ಮದುವೆಯಾದಾಗಿನಿಂದ ಇವರ ಡ್ರೈವಿಂಗ್ ಬಗ್ಗೆ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಉಬ್ಬಿಹೋದೆ. "ಐವತ್ತೆಂಟು, ಆಫೀಸರ್! ನಾನು ಬಡ್ಕೊಳ್ತಾನೇ ಇದ್ದೆ. ಅವರಿಗೆ ಮೀಟರೇ ಕಾಣಲ್ಲ!"

ಆತ ಬಗ್ಗಿ ಮೀಟರ್ ನೋಡಿದ, ಗಣಪನ್ನ ನೋಡಿದ, ನನ್ನನ್ನೂ ನೋಡಿದ. ದಂಡದ ಟಿಕೆಟ್ ಬರೆಯಲಿಲ್ಲ. ಕಾರನ್ನ ಮನೆಗೆ ಎಳೆದೊಯ್ಯೋಕೆ ಟೋ ಟ್ರಕ್ ಕರೆಸಿದ. "ಮೀಟರು ಡ್ರೈವರ್ ಮುಂದೆ ಬರೋವರೆಗೂ ಈ ಕಾರು ಗರಾಜು ಬಿಟ್ಟು ಕದಲಕೂಡದು."

ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಗಣಪ ಏಳೋನಲ್ಲ, ಅಂದರೆ ನನ್ನ ಕಾರಿಗೆ ಇನ್ನೂ ಐಸೇ ಗತಿ. ಇವರ ಕಡೆ ತಿರುಗಿದೆ. ನಗು ತಡೆಯೋಕೆ ತುಟಿ ಕಚ್ಚಿಕೊಂಡಿದ್ದರು.

"ಸರ್ಕಾರದ ಆರ್ಡರು ಕಣೇ," ಅಂದರು. "ನಾನೇನ್ ಮಾಡ್ಲಿ?"